ಏಳನೆಯ ತೇಪೆ

ನಾನು ಒಂದು ಕುಂಚಿಗೆ. ನಮ್ಮ ಕಡೆಯ ಮಂದಿಯ ಬಾಯಲ್ಲಿ ಕುಂಚಗಿ. ಎಳೆಗೂಸಿನ ತಲೆಗೆ ಟೊಪ್ಪಿಗೆಯಾಗಿ, ಕಿವಿ ಮುಚ್ಚಿ, ಬೆನ್ನ ಮೇಲೆ ಇಳಿಬಿದ್ದು, ಎರಡು ಅಂಚುಗಳನ್ನು ಎದೆಯ ಮೇಲೆ ಸುತ್ತಿಕೊಂಡು, ಮುಂದೆ ಕಸೆ ಕಟ್ಟಿಸಿಕೊಳ್ಳುವ ಬಟ್ಟೆ. ಈಗ ಅಂಗಡಿಯಲ್ಲಿ ಉಣ್ಣೆಯ ಟೊಪ್ಪಿಗೆ, ಸ್ವೆಟರು ಸಿಗುವುದರಿಂದ ನನ್ನಂಥವರನ್ನು ಗುರುತಿಸುವವರೇ ಕಡಿಮೆ. ನಮ್ಮೂರಿನಲ್ಲಿ ಮಾತ್ರ ನನ್ನನ್ನು ಎಲ್ಲರೂ ಗುರುತಿಸುತ್ತಾರೆ. ಗುರುತಿಸಿ, ಮುಟ್ಟದೆ ದೂರ ಸರಿಯುತ್ತಾರೆ.

ನಾನು ಹುಟ್ಟಿದ್ದು ಕಸ್ತೂರೆವ್ವನ ಕೈಯಲ್ಲಿ. ನಮ್ಮದು ನೇಕಾರರ ಊರು, ಅವಳು ನೇಕಾರರ ಓಣಿಯಲ್ಲಿ ಕುಬಸ ಹೊಲಿಯುತ್ತಿದ್ದವಳು. ಮಗಳು ಸುವರ್ಣಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬರುತ್ತಾಳೆಂದು ತಿಳಿದ ದಿನವೇ ಪೆಟ್ಟಿಗೆಯಿಂದ ಗುಳೇದಗುಡ್ಡದ ಖಣ ತೆಗೆದಳು. ಕರಿಗೆಂಪು ಬಣ್ಣ, ಅಂಚಿಗೆ ಹಳದಿ ಗೀರು. ಒಳಗಿನ ಪದರಕ್ಕೆ ತನ್ನ ತಾಯಿಯ ಹಳೆಯ ಇಳಕಲ್ ಸೀರೆಯನ್ನು ಹರಿದಳು, ತೊಳೆದೂ ತೊಳೆದೂ ಬೆಣ್ಣೆಯ ಹಾಗೆ ಮೆತ್ತಗಾಗಿದ್ದ ಸೀರೆ. ದಾರದ ಗಂಟು ಕೂಸಿಗೆ ಚುಚ್ಚಬಾರದೆಂದು ಒಂದೊಂದು ಗಂಟನ್ನೂ ಎರಡು ಪದರಗಳ ನಡುವೆ ಅಡಗಿಸಿದಳು. ನನ್ನ ಮೈಯಲ್ಲಿ ಬಚ್ಚಿಟ್ಟ ಮೊದಲ ಸಂಗತಿ ಅದು. ಆಮೇಲೆ ಇನ್ನೂ ಕೆಲವು ಸೇರಿಕೊಂಡವು.

ಸುವರ್ಣಾ ಏಳು ತಿಂಗಳಿಗೇ ಹಡೆದಳು. ಮಾರ್ಗಶಿರದ ಚಳಿ, ಹಾಸಿದ ಚಾಪೆ ಬೆಳಗಿಗೆ ನೀರಿನಲ್ಲಿ ನೆನೆದಂತೆ ತಣ್ಣಗಿರುತ್ತಿತ್ತು. ಹೆಣ್ಣು ಕೂಸು, ಎತ್ತಿಕೊಂಡರೆ ಕೈಗೆ ಭಾರವೇ ಗೊತ್ತಾಗುತ್ತಿರಲಿಲ್ಲ. ಕಣ್ಣು ತೆರೆಯಲಿಲ್ಲ, ಅಳಲು ದನಿಯಿಲ್ಲ. ನೋಡಲು ಬಂದವರು ಹೆಸರು ಕೇಳುವ ಉಸಾಬರಿಗೂ ಹೋಗದೆ ಎದ್ದು ಹೋಗುತ್ತಿದ್ದರು.

ಮುಂದೆ ನಡೆದದ್ದನ್ನು ಕಂಡವರು ಇಬ್ಬರೇ, ಸುವರ್ಣಾ ಮತ್ತು ನಾನು. ಕಸ್ತೂರೆವ್ವ ಕೋಣೆಯ ಬಾಗಿಲು ಮುಂದೆ ಮಾಡಿ, ಕುಬಸದ ಗುಂಡಿ ಬಿಚ್ಚಿ, ಆ ಬರಿಮೈ ಕೂಸನ್ನು ತನ್ನ ಬರಿ ಎದೆಗೆ ಒತ್ತಿಕೊಂಡು ಮೇಲೆ ಸೆರಗು ಸುತ್ತಿಕೊಂಡಳು. ಹಾಗೆಯೇ ಗೋಡೆಗೆ ಒರಗಿ ಕೂತಳು. ಒಂದೆರಡು ದಿನವಲ್ಲ, ಎರಡು ತಿಂಗಳು. ಅವಳು ಊಟಕ್ಕೆ, ಸ್ನಾನಕ್ಕೆ ಎದ್ದಾಗ ಸುವರ್ಣಾ ಹಾಗೆಯೇ ಕೂರುತ್ತಿದ್ದಳು. ತೊಟ್ಟುತೊಟ್ಟಾಗಿ ಹಾಲು ಹಾಕುತ್ತಿದ್ದರು. ನಾನು ಬಹುತೇಕ ಗೂಟಕ್ಕೆ ನೇತುಬಿದ್ದಿದ್ದೆ. ನನ್ನನ್ನು ಕಟ್ಟಿದರೆ ಎದೆಗೂ ಎದೆಗೂ ನಡುವೆ ನಾನು ಅಡ್ಡ ಬರುತ್ತಿದ್ದೆ.

ಕೂಸು ಉಳಿಯಿತು. ಮೈ ತುಂಬಿಕೊಂಡಿತು. ತೊಟ್ಟಿಲಿಗೆ ಹಾಕಿ ಉಮಾ ಎಂದು ಹೆಸರಿಟ್ಟ ದಿನ ನನ್ನನ್ನು ಅದರ ತಲೆಗೆ ಕಟ್ಟಿದ್ದರು. ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು. ಒಬ್ಬಳು ನನ್ನ ಅಂಚು ಮುಟ್ಟಿ, ಕಸ್ತೂರೆವ್ವ ಈ ಕುಂಚಗಿಯೊಳಗೇ ಇಟ್ಟು ಕೂಸನ್ನು ಬದುಕಿಸಿದಳು ಎಂದಳು. ಪಡಸಾಲೆಯಲ್ಲಿ ಕಸ್ತೂರೆವ್ವನ ಮಾವ ಕೂತಿದ್ದರು, ಅಳಿಯ ನಿಂತಿದ್ದ. ಎರಡು ತಿಂಗಳು ಕುಬಸ ಬಿಚ್ಚಿ ಕೂತಿದ್ದೆ ಎಂದು ಅಷ್ಟು ಜನರ ಎದುರು ಹೇಳುವುದು ಹೇಗೆ? ಕಸ್ತೂರೆವ್ವ ತಲೆ ತಗ್ಗಿಸಿ, "ಹೂಂ, ಕುಂಚಗಿನ" ಎಂದು ನಕ್ಕುಬಿಟ್ಟಳು.

ಅಷ್ಟೇ ಆದದ್ದು. ನಾಚಿಕೆಯ ಒಂದು ಹೂಂ.

ಮುಂದಿನ ಚಳಿಗಾಲಕ್ಕೆ ನನ್ನನ್ನು ಕೇಳಿಕೊಂಡು ಬಂದರು. ಸಾಲು ಮನೆಯ ಕಮ್ಮಾರರ ಕೂಸಿಗೆ ಕೊಟ್ಟಳು. ಆ ಕೂಸಿಗೆ ಜ್ವರ ಏರಿದಾಗ ಅದರ ಅಪ್ಪ ಸೈಕಲ್ಲಿನ ಮೇಲೆ ಹೋಗಿ ಎಂಟು ಮೈಲಿ ದೂರದಿಂದ ಡಾಕ್ಟರನ್ನು ಕರೆತಂದಿದ್ದ. ಕೂಸು ಚೇತರಿಸಿಕೊಂಡಿತು. ನನ್ನನ್ನು ಮರಳಿಸುವಾಗ ಕಮ್ಮಾರರ ಸೊಸೆ, ಬರಿದಾಗಿ ಕೊಡಬಾರದೆಂದು, ಕೂಸಿನ ಗಿಡ್ಡಾದ ಅಂಗಿಯಿಂದ ಎರಡು ಬೆರಳಗಲದ ತುಂಡು ಕತ್ತರಿಸಿ ನನ್ನ ಅಂಚಿಗೆ ತೇಪೆ ಹಚ್ಚಿದ್ದಳು. ಕಸ್ತೂರೆವ್ವನಿಗೆ ಉಡಿ ತುಂಬಿ, ನನ್ನನ್ನು ಕಣ್ಣಿಗೊತ್ತಿಕೊಂಡು ಹೋದಳು. ಸೈಕಲ್ಲಿಗೆ ಯಾರೂ ತೇಪೆ ಹಚ್ಚಲಿಲ್ಲ.

ಅದೇ ಪದ್ಧತಿಯಾಯಿತು. ಬೇಕಾದವರು ಸೆರಗೊಡ್ಡಿ ಕೇಳುವುದು, ಚಳಿಗಾಲ ಕಳೆದ ಮೇಲೆ ಕೂಸಿನ ಬಟ್ಟೆಯದೊಂದು ತೇಪೆ ಹಚ್ಚಿ, ಉಡಿ ತುಂಬಿ ತಿರುಗಿ ಕೊಡುವುದು. ಮೌಲಾಬಿಯ ಮಗನ ಹಸಿರು ತೇಪೆ ನನ್ನ ಬಲಗಿವಿಯ ಮೇಲಿದೆ. ಆ ಹುಡುಗ ಎಷ್ಟು ಗಟ್ಟಿಮುಟ್ಟಾಗಿದ್ದನೆಂದರೆ ನನ್ನನ್ನು ಎರಡು ದಿನ ಮೈಮೇಲೆ ನಿಲ್ಲಗೊಡಲಿಲ್ಲ, ಕಸೆ ಚೀಪಿ ಚೀಪಿ ದಾರ ಮಾಡಿದ. ಆದರೂ ಮೌಲಾಬಿ ನನ್ನಿಂದಲೇ ಮಗ ಉಳಿದನೆಂದು ದುವಾ ಮಾಡಿದಳು. ಹೀಗೆ ವರುಷಗಳು ಉರುಳಿ ಆರು ಮನೆ, ಆರು ತೇಪೆಯಾದವು. ನನಗೆ ಕೊಂಬು ಬಂದವು. ಸುಳ್ಳು ಯಾಕೆ ಹೇಳಲಿ, ಯಾರಾದರೂ ಕೈಮುಗಿದರೆ ಬಟ್ಟೆಗೂ ಹಿತವಾಗುತ್ತದೆ. ಇದು ನನ್ನ ಕೆಲಸವಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹಿಗ್ಗಿದೆ.

ಏಳನೆಯವಳಾಗಿ ಬಂದವಳು ನಿಂಬೆವ್ವ. ಮಗ ಪ್ರಭು ಪವರ್‌ಲೂಮಿನಲ್ಲಿ ಕೆಲಸ ಮಾಡುವವನು, ಸೊಸೆ ಮಾದೇವಿ. ಮಾದೇವಿಗೆ ಮೊದಲನೆಯದು ಹೊಟ್ಟೆಯಲ್ಲೇ ಹೋಗಿತ್ತು. ಎರಡನೆಯದು ಒಂದು ಚಳಿಗಾಲದಲ್ಲಿ ಒಂಬತ್ತನೆಯ ದಿನಕ್ಕೆ ತೀರಿಕೊಂಡಿತ್ತು. ಮೂರನೆಯದು ಭಾದ್ರಪದದಲ್ಲಿ ಹುಟ್ಟಿದ ಹೆಣ್ಣು, ನೀಲಾ. ಇದೊಂದನ್ನು ಉಳಿಸಿಕೊಡು ಎಂದು ನಿಂಬೆವ್ವ ಕಸ್ತೂರೆವ್ವನ ಹೊಸ್ತಿಲಲ್ಲಿ ಸೆರಗೊಡ್ಡಿ ನಿಂತಳು. ಆ ಹೊತ್ತಿಗೆ ಕಸ್ತೂರೆವ್ವನಿಗೂ ವಯಸ್ಸಾಗಿತ್ತು. ಅವಳು ಪೆಟ್ಟಿಗೆ ತೆರೆದು ನನ್ನನ್ನು ಎತ್ತಿಕೊಂಡು, ಏನೋ ಹೇಳಲು ಬಾಯಿ ತೆರೆದದ್ದನ್ನು ನಾನು ನೋಡಿದೆ. ಆಮೇಲೆ ಸುಮ್ಮನೆ ನನ್ನನ್ನು ಆ ಸೆರಗಿಗೆ ಹಾಕಿದಳು.

ಮಾದೇವಿ ಹತ್ತನೆಯ ತರಗತಿಯವರೆಗೆ ಓದಿದವಳು. ನನ್ನನ್ನು ತಿರುಗಿಸಿ ಮುರುಗಿಸಿ ನೋಡಿ ನಕ್ಕಳು.

"ಬಟ್ಟಿ ಏನ ಕಾಯ್ತೈತ್ರಿ ಅತ್ತಿ?"

ನಿಂಬೆವ್ವ ಜಗಳಕ್ಕೆ ಹೋಗಲಿಲ್ಲ. ತಾನೇ ಮೊಮ್ಮಗಳಿಗೆ ಕಟ್ಟಿದಳು.

ಆ ಕೂಸಿನ ಮೈಮೇಲೆ ನಾನು ಇದ್ದದ್ದು ನಾಲ್ಕು ತಿಂಗಳು. ನನ್ನ ಆಯುಷ್ಯದಲ್ಲಿ ಅಷ್ಟು ಒಳ್ಳೆಯ ದಿನಗಳು ಬೇರೆ ಇಲ್ಲ. ಬೆಳಗ್ಗೆ ಬಿಸಿಲು ಕಟ್ಟೆಯ ಮೇಲೆ ಬರುವುದನ್ನೇ ಕಾದು ನಿಂಬೆವ್ವ ನೀಲಾಳನ್ನು ಎತ್ತಿಕೊಂಡು ಹೊರಗೆ ಕೂರುತ್ತಿದ್ದಳು. ಹತ್ತು ಗಂಟೆಗೆ ಎಣ್ಣೆ ತಿಕ್ಕಿ ಎರೆಯುತ್ತಿದ್ದಳು, ಲೋಬಾನದ ಹೊಗೆ ಹಿಡಿದ ಮೇಲೆ ನನ್ನನ್ನು ಕಟ್ಟುತ್ತಿದ್ದಳು. ಕೂಸು ಬೆಚ್ಚಗಾಗಿ ನಿದ್ದೆ ಹೋಗುತ್ತಿತ್ತು. ಮಧ್ಯಾಹ್ನ ಪ್ರಭು ಊಟಕ್ಕೆ ಬಂದರೆ ಅವನ ತಲೆಗೂದಲ ತುಂಬ ನೂಲಿನ ಧೂಳು. ಆ ಧೂಳು ಕೂಸಿಗೆ ಆಗದು, ಮೊದಲು ಮುಖ ತೊಳಿ ಎಂದು ಮಾದೇವಿ ಗದರುತ್ತಿದ್ದಳು. ಅವನು ದೂರದಲ್ಲೇ ನಿಂತು ಮಗ್ಗದ ಸದ್ದು ಬಾಯಲ್ಲಿ ಮಾಡಿ ತೋರಿಸುತ್ತಿದ್ದ, ಖಟಕ್ ಖಟಕ್. ನೀಲಾ ಮೊದಲ ಸಲ ದನಿ ತೆಗೆದು ನಕ್ಕದ್ದು ಆ ಸದ್ದಿಗೆ. ನಕ್ಕಾಗ ಅದರ ಪುಟ್ಟ ಎದೆ ಕುಣಿದದ್ದು ನನ್ನ ಒಳಪದರಕ್ಕೆ ತಿಳಿಯಿತು.

ಸಂಜೆ ದೀಪ ಹಚ್ಚಿದ ಮೇಲೆ ನಿಂಬೆವ್ವ ದೇವರಿಗೆ ಕೈಮುಗಿದು, ಅದೇ ಕೈಯಿಂದ ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಇವತ್ತಿನ ದಿನ ಕಾಯ್ದೆಯಲ್ಲ, ನಿನ್ನ ಉಪಕಾರ ಎನ್ನುತ್ತಿದ್ದಳು. ಒಂಬತ್ತು ದಿನ ದಾಟಿತು, ನಲವತ್ತು ದಾಟಿತು, ಮೂರು ತಿಂಗಳು ತುಂಬಿತು. ಮಾದೇವಿ ನಗುವುದನ್ನು ಬಿಟ್ಟಳು. ಒಂದು ಸಂಜೆ ಅತ್ತೆ ಒಳಗಿದ್ದಾಗ ತಾನೂ ಬಗ್ಗಿ, ಯಾರಾದರೂ ನೋಡಿಯಾರೆಂದು ಅತ್ತಿತ್ತ ನೋಡಿ, ನನ್ನ ಅಂಚಿಗೆ ಹಣೆ ತಾಗಿಸಿದಳು. ನಾನು ಗೆದ್ದೆ ಎಂದುಕೊಂಡೆ. ಆ ಹೆಮ್ಮೆಯನ್ನು ನೆನೆದರೆ ಈಗಲೂ ನನ್ನ ನೂಲು ನೂಲಿಗೂ ಅಸಹ್ಯವಾಗುತ್ತದೆ.

ಎಳ್ಳಮಾಸೆ ಕಳೆದ ವಾರ ಚಳಿ ಬಿಗಿಯಿತು. ನೀಲಾಳಿಗೆ ಮೂಗು ಸೋರತೊಡಗಿತು. ಬಜೆ ತೇಯ್ದು ನೆತ್ತಿಗೆ ಹಾಕಿದರು, ಅಜವಾನದ ಗಂಟು ಬಿಸಿಮಾಡಿ ಬೆನ್ನಿಗೆ ಕಾಸಿದರು. ಮರುದಿನ ಕೂಸು ಮೊಲೆಗೆ ಬಾಯಿ ಹಚ್ಚಿ ಬಿಟ್ಟುಬಿಡುತ್ತಿತ್ತು. ಮಾದೇವಿ ನನ್ನ ಕಸೆಯನ್ನು ಇನ್ನೊಂದು ಸುತ್ತು ಬಿಗಿದಳು.

ಆಗ ನನಗೆ ಗೊತ್ತಾಯಿತು. ಎದೆಯ ಮೇಲೆ ಇದ್ದದ್ದು ನಾನು. ಕೂಸು ಉಸಿರೆಳೆದಾಗಲೆಲ್ಲ ಪಕ್ಕೆಯ ಕೆಳಗೆ ಚರ್ಮ ಒಳಗೆ ಸೆಳೆದುಕೊಳ್ಳುತ್ತಿತ್ತು. ನನ್ನ ಬಟ್ಟೆ ಅಲ್ಲಿ ಕುಳಿ ಬೀಳುತ್ತಿತ್ತು, ಬಿಡುತ್ತಿತ್ತು, ಮತ್ತೆ ಕುಳಿ ಬೀಳುತ್ತಿತ್ತು, ಬೇಗ ಬೇಗ. ನನ್ನ ಮೇಲೆ ಒಂದು ದುಪ್ಪಟಿ, ಅದರ ಮೇಲೆ ಸೀರೆಯ ಮಡಿಕೆ. ಹೊರಗಿನಿಂದ ನೋಡಿದವರಿಗೆ ಕಾಣುತ್ತಿದ್ದದ್ದು ಕೂಸಿನ ಮುಖ ಒಂದೇ. ಅದೂ ಸೆಕೆಗೆ ಕೆಂಪಗಾಗಿ ಚೆನ್ನಾಗಿಯೇ ಕಾಣುತ್ತಿತ್ತು.

ಪ್ರಭು ಊಟಕ್ಕೆ ಬಂದವನು ದವಾಖಾನೆಗೆ ಹೋಗೋಣವೇ ಎಂದು ಕೇಳಿದ. ನಿಂಬೆವ್ವನೂ ಹೌದೆನ್ನುವವಳಂತೆ ಸೊಸೆಯ ಮುಖ ನೋಡಿದಳು. ಈ ಗಾಳಿಯಲ್ಲಿ ಹೊರಗೆ ಒಯ್ಯುವುದು ಬೇಡ, ನಾಳೆಗೆ ಇಳಿಯುತ್ತದೆ ಎಂದಳು ಮಾದೇವಿ. ಒಂಬತ್ತನೆಯ ದಿನದ ಆ ಕೂಸನ್ನು ಅವಳು ಚಳಿಯಲ್ಲೇ ದವಾಖಾನೆಗೆ ಹೊತ್ತು ನಡೆದಿದ್ದಳು. ದಾರಿಯ ಗಾಳಿಯೇ ಅದನ್ನು ತಿಂದಿತೆಂದು ಅವಳ ಮನಸ್ಸಿನಲ್ಲಿ ಕೂತಿತ್ತು.

ಮಧ್ಯಾಹ್ನ ಮೂರರ ಹೊತ್ತಿಗೆ ಆಶಾ ಕಾರ್ಯಕರ್ತೆ ಶಶಿಕಲಾ ಬಂದಳು. ಅದೇ ಓಣಿಯವಳು, ಕೂಸಿನ ಲಸಿಕೆಯ ದಿನ ನೆನಪಿಸಲು ಬಂದಿದ್ದಳು. ಹಾಲು ಕುಡಿಯುತ್ತಿಲ್ಲವೆಂದು ಕೇಳಿ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತಳು.

"ಕುಂಚಗಿ ಬಿಚ್ಚವಾ ಮಾದೇವಿ. ಎದಿ ನೋಡಿ ಒಂದ ಮಿನಿಟ ಉಸಿರ ಎಣಸ್ತೀನಿ."

ಮಾದೇವಿಯ ಎರಡೂ ಕೈ ನನ್ನ ಮೇಲೆ ಬಂದವು.

"ಬಿಚ್ಚಬ್ಯಾಡ್ರಿ ಅಕ್ಕಾ. ಆರು ಮನಿ ಕೂಸು ಕಾದೈತಿ ಇದು. ಬಿಚ್ಚಿದ್ರ ಗಾಳಿ ಹೊಡಿತೈತಿ."

ಶಶಿಕಲಾ ಮತ್ತೆ ಮತ್ತೆ ಹೇಳಿದಳು. ಮಾದೇವಿ ಕೂಸನ್ನು ಇನ್ನೂ ಒತ್ತಿ ಹಿಡಿದಳು, ಕಣ್ಣಲ್ಲಿ ನೀರು ತಂದುಕೊಂಡಳು. ಎರಡು ಕೂಸು ಕಳೆದುಕೊಂಡವಳ ಕೈಯನ್ನು ಎಳೆದು ಬಿಡಿಸುವುದು ಯಾರಿಂದಾದೀತು? ಇವತ್ತೇ ದವಾಖಾನೆಗೆ ಹೊರಡಿ ಎಂದು ಪ್ರಭುವಿಗೂ ನಿಂಬೆವ್ವನಿಗೂ ಖಡಾಖಂಡಿತವಾಗಿ ಹೇಳಿ ಅವಳು ಎದ್ದಳು. ಅವರು ಬೆಳಗ್ಗೆ ಬಿಸಿಲು ಬರಲಿ ಎಂದುಕೊಂಡರು.

ನಾನು ಒಂದು ಬಟ್ಟೆ. ನನ್ನ ಕಸೆಯ ಗಂಟು ಅರ್ಧ ಬೆರಳು ಸಡಿಲಾಗಿದ್ದರೆ ಸಾಕಿತ್ತು, ಅಂಚು ಜಾರಿ ಆ ಪಕ್ಕೆ ಕಾಣುತ್ತಿತ್ತು. ಎಷ್ಟೋ ಮನೆಗಳಲ್ಲಿ ಬೇಡವಾದಾಗ ಜಾರಿದ್ದೇನೆ. ಅವತ್ತು ಜಾರಲಿಲ್ಲ. ಕಸ್ತೂರೆವ್ವನ ಹೊಲಿಗೆ ಗಟ್ಟಿಯಾಗಿತ್ತು, ತಾಯಿಯ ಗಂಟು ಬಿಗಿಯಾಗಿತ್ತು.

ಬೆಳಗ್ಗೆ ಬಿಸಿಲು ಕಟ್ಟೆಗೆ ಬರುವ ಮೊದಲೇ ಶಶಿಕಲಾ ಮತ್ತೆ ಬಂದಳು. ಈ ಸಲ ಯಾರನ್ನೂ ಕೇಳಲಿಲ್ಲ. ದುಪ್ಪಟಿ ಸರಿಸಿ, ನನ್ನ ಕಸೆ ಬಿಚ್ಚಿ, ಎರಡೂ ಅಂಚುಗಳನ್ನು ತೆರೆದಳು. ಪಕ್ಕೆ ಎಳೆಯುತ್ತಿದ್ದದ್ದನ್ನು ಎಲ್ಲರೂ ಒಟ್ಟಿಗೆ ನೋಡಿದರು. ಮಾದೇವಿ ಬಾಯಿಗೆ ಕೈ ಅಡ್ಡ ಹಿಡಿದಳು. ಪ್ರಭು ಬರಿಗಾಲಲ್ಲೇ ಓಡಿ ಆಟೋ ತಂದ.

ಪಟ್ಟಣ ಇನ್ನೂ ದೂರವಿತ್ತು. ಹೊಳೆಯ ಸೇತುವೆ ದಾಟುವಾಗ ನನ್ನ ಒಳಪದರದಲ್ಲಿ ಕುಳಿ ಬೀಳುವುದು ನಿಧಾನವಾಯಿತು. ಆಮೇಲೆ ಒಂದು ಸಲ ಬಿತ್ತು. ಇನ್ನೊಂದಕ್ಕೆ ನಾನು ಕಾದೆ. ಆಟೋ ಮುಂದೆ ಹೋಗುತ್ತಿತ್ತು, ಮಾದೇವಿ ಬಂದೆವು ಬಂದೆವು ಎಂದು ಕೂಸಿಗೆ ಹೇಳುತ್ತಿದ್ದಳು. ಅವಳಿಗೆ ಅದು ತಿಳಿದದ್ದು ದವಾಖಾನೆಯ ಬಾಗಿಲಿನಲ್ಲಿ. ಕೂಸಿನ ಮೈ ಆಗಲೂ ಬೆಚ್ಚಗಿತ್ತು. ಆ ಬಿಸಿ ನನ್ನದು, ಕೂಸಿನದಲ್ಲ. ನರ್ಸು ನನ್ನನ್ನು ತೆಗೆದು ಮಡಚಿ ಮಾದೇವಿಯ ಕೈಗೆ ಕೊಟ್ಟಳು.

ಓಣಿಯಲ್ಲಿ ಮಾತು ಬೇರೆಯಾಯಿತು. ಕುಂಚಗಿಗೆ ಮೈಲಿಗೆಯಾಗಿತ್ತು, ಅದಕ್ಕೇ ಕಾಯಲಿಲ್ಲ ಎಂದರು ಕೆಲವರು. ಅದನ್ನು ಹೊಳೆಗೆ ಬಿಡಬೇಕು ಎಂದರು ಮತ್ತೆ ಕೆಲವರು. ಪ್ರಭು ನನ್ನನ್ನು ಸುಟ್ಟುಬಿಡುತ್ತೇನೆಂದು ಎತ್ತಿಕೊಂಡಿದ್ದ. ಮಾದೇವಿ ಅವನ ಕೈಯಿಂದ ಇಸಿದುಕೊಂಡು ತನ್ನ ತಲೆಯ ಕೆಳಗಿಟ್ಟುಕೊಂಡಳು.

ಶಿವರಾತ್ರಿ ಕಳೆದು ಬಿಸಿಲು ಚುರುಗುಟ್ಟುವ ಹೊತ್ತಿಗೆ ಅವಳು ನನ್ನನ್ನು ಸೀಗೆಕಾಯಿ ಹಾಕಿ ತೊಳೆದಳು. ನೀಲಾಳ ಬಿಳಿಯ ಅಂಗಿಯಿಂದ ಎರಡು ಬೆರಳಗಲದ ತುಂಡು ಕತ್ತರಿಸಿದಳು. ಅದನ್ನು ಉಳಿದವರಂತೆ ಹೊರಗಿನ ಅಂಚಿಗೆ ಹಚ್ಚಲಿಲ್ಲ. ಒಳಗೆ, ಎದೆಯ ಮೇಲೆ ಬರುವ ಕಡೆ, ಕುಳಿ ಬೀಳುತ್ತಿದ್ದ ಜಾಗಕ್ಕೇ ಹಚ್ಚಿದಳು. ಸೂಜಿ ಒಂದೆರಡು ಸಲ ಅವಳ ಬೆರಳಿಗೂ ಚುಚ್ಚಿತು. ಆಮೇಲೆ ಉಡಿಯಕ್ಕಿ, ಒಂದು ಕಾಯಿ, ಒಂದು ಖಣ ಕಟ್ಟಿಕೊಂಡು ಕಸ್ತೂರೆವ್ವನ ಮನೆಗೆ ಹೊರಟಳು. ಓಣಿಯ ಹೆಂಗಸರು ಮಾತು ನಿಲ್ಲಿಸಿ ದಾರಿ ಬಿಟ್ಟರು.

ಕಸ್ತೂರೆವ್ವ ಅವಳನ್ನು ನೋಡಿದ್ದೇ ಎದ್ದು ನಿಂತಳು. ಮಾದೇವಿ ನನ್ನನ್ನು ಚಾಪೆಯ ಮೇಲಿಟ್ಟು, ಉಡಿ ತುಂಬಲು ಸೆರಗು ಹಿಡಿಯಬೇಕೆಂದು ಕೇಳಿದಳು. ಮುದುಕಿ ಸೆರಗು ಹಿಡಿಯಲಿಲ್ಲ. ನನ್ನನ್ನು ತೆಗೆದುಕೊಂಡು ಹೊರಗಿನ ತೇಪೆಗಳನ್ನು ಎಣಿಸಿದಳು, ಆಮೇಲೆ ಮಗುಚಿ ಒಳಗಿನ ಬಿಳಿಯ ತೇಪೆ ನೋಡಿದಳು.

"ಇದನ್ಯಾಕ ಹಚ್ಚಿದಿ ತಂಗಿ?"

"ಎಲ್ಲಾರೂ ಹಚ್ಚ್ಯಾರಲ್ರಿ ಆಯಿ. ನಾಕ ತಿಂಗಳ ನನ್ನ ಕೂಸು ಬೆಚ್ಚಗಿತ್ತು. ಅಷ್ಟಂತೂ ಖರೇ ಐತಿ."

ಕಸ್ತೂರೆವ್ವ ನನ್ನನ್ನು ಮತ್ತೆ ಚಾಪೆಯ ಮೇಲಿಟ್ಟಳು. ಗೋಡೆ ಹಿಡಿದುಕೊಂಡು ಕೂತಳು. ಇಷ್ಟು ವರುಷ ಯಾರಿಗೂ ಹೇಳದ್ದನ್ನು ಆಗ ಹೇಳಿದಳು. ಬಾಗಿಲು ಮುಂದೆ ಮಾಡಿದ್ದು, ಕುಬಸ ಬಿಚ್ಚಿದ್ದು, ಎರಡು ತಿಂಗಳು ಎದೆಗೆ ಎದೆ ಒತ್ತಿ ಕೂತದ್ದು, ನಾನು ಗೂಟಕ್ಕೆ ನೇತುಬಿದ್ದಿದ್ದು. ತೊಟ್ಟಿಲ ದಿನ ಮಾವನ ಎದುರು ನಾಚಿಕೆಯಾಗಿ ಹೂಂ ಎಂದದ್ದು. ಒಂದೊಂದು ತೇಪೆ ಬಂದಾಗಲೂ ಹೇಳಬೇಕೆಂದುಕೊಂಡು, ಖುಷಿಯಿಂದ ಬಂದವರ ಮುಖ ನೋಡಿ ಹೇಳದೆ ಬಿಟ್ಟದ್ದು.

ಮಾದೇವಿ ಕೇಳಿಸಿಕೊಂಡಳು. ಕೂಗಾಡಲಿಲ್ಲ. ಅವಳು ಕೂಗಾಡಿದ್ದರೆ ನಮ್ಮಿಬ್ಬರಿಗೂ ಹಗುರಾಗುತ್ತಿತ್ತು, ಆ ಮುದುಕಿಗೂ ನನಗೂ.

"ಮೊದಲ ಹೇಳಬೇಕಾಗಿತ್ರಿ ಆಯಿ" ಎಂದಳು, ಬಹಳ ಮೆಲ್ಲಗೆ.

ಅಕ್ಕಿಯನ್ನೂ ಕಾಯಿಯನ್ನೂ ಖಣವನ್ನೂ ಚಾಪೆಯ ಮೇಲೆಯೇ ಇಟ್ಟು ಎದ್ದು ಹೋದಳು. ಆ ಅಕ್ಕಿಯನ್ನು ಅನ್ನ ಮಾಡಲು ಆ ಮನೆಯಲ್ಲಿ ಯಾರಿಗೂ ಕೈ ಬರಲಿಲ್ಲ.

ಅಲ್ಲಿಂದ ಈಚೆಗೆ ನಾನು ಕಬ್ಬಿಣದ ಟ್ರಂಕಿನಲ್ಲಿದ್ದೇನೆ, ನುಸಿಗುಳಿಗೆಯ ವಾಸನೆಯಲ್ಲಿ. ಒಂದು ಮೂಲೆಯಲ್ಲಿ ಹಳದಿ ಅಂಚನ್ನು ಹುಳ ತಿಂದಿದೆ. ಮೊದಮೊದಲು ಯಾರಾದರೂ ಬಂದು ಕೇಳಬಹುದೇ ಎಂದು ಭಯವಾಗುತ್ತಿತ್ತು. ಯಾರೂ ಬರಲಿಲ್ಲ. ಹೊರಗಿನ ಆರು ತೇಪೆಗಳು ನನಗೆ ಈಗ ಭಾರ. ಒಂದು ಸೈಕಲ್ಲಿಗೆ, ಒಬ್ಬ ಅಜ್ಜಿಯ ಎದೆಗೆ, ಒಂದು ಗಟ್ಟಿ ಜೀವಕ್ಕೆ ಸಲ್ಲಬೇಕಾದ ಉಪಕಾರವನ್ನೆಲ್ಲ ನಾನು ನುಂಗಿಕೊಂಡೆ. ಅದರ ಬೆಲೆಯನ್ನು ಮಾತ್ರ ಬೇರೆಯವರ ಕೂಸು ತೆತ್ತಿತು. ನಾನು ನಿಜವಾಗಿ ಮಾಡಿದ ಕೆಲಸಕ್ಕೆ ಸಿಕ್ಕಿದ್ದು ಒಳಗಿನ ಆ ಬಿಳಿಯ ತುಂಡು ಒಂದೇ. ಅದನ್ನು ಕೊಟ್ಟವಳ ಮುಖ ನೆನೆದರೆ ಅದೂ ನನಗೆ ಬೇಡವಾಗಿತ್ತು ಎನಿಸುತ್ತದೆ.

ಈ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಟ್ರಂಕಿನ ಮುಚ್ಚಳ ತೆರೆಯಿತು. ಎದುರಿಗೆ ಮಾದೇವಿ ಕೂತಿದ್ದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿದೆ. ಅವಳಿಗೆ ಮತ್ತೆ ಮಕ್ಕಳಾಗಲಿಲ್ಲ. ಒಂದು ಸಲ ನೋಡಿ ಕೊಡುತ್ತೇನೆ ಎಂದು ಕೇಳಿದಳಂತೆ. ಕಸ್ತೂರೆವ್ವನಿಗೆ ಈಗ ಕಣ್ಣು ಸರಿಯಾಗಿ ಕಾಣದು, ಅವಳೇ ತಡಕಾಡಿ ನನ್ನನ್ನು ಎತ್ತಿ ಕೊಟ್ಟಳು.

ಮಾದೇವಿ ನನ್ನನ್ನು ತೊಡೆಯ ಮೇಲೆ ಹಾಸಿದಳು. ಒಳಗೆ ಕೂಸು ಇದೆಯೇನೋ ಎಂಬಂತೆ ಎರಡೂ ಅಂಚುಗಳನ್ನು ಸುತ್ತಿ ಕಸೆ ಕಟ್ಟಿದಳು. ಆಮೇಲೆ ಆ ಗಂಟನ್ನು ಬಿಚ್ಚಿದಳು. ಅಂಚುಗಳನ್ನು ಸರಿಸಿ, ಬಿಳಿಯ ತೇಪೆಯ ಮೇಲೆ ಅಂಗೈ ಇಟ್ಟು, ತಲೆಯೆತ್ತಿ ಗೋಡೆಯ ಗಡಿಯಾರ ನೋಡಿದಳು. ಅದರ ಸಣ್ಣ ಕೆಂಪು ಮುಳ್ಳು ಪೂರ್ತಿ ಒಂದು ಸುತ್ತು ಬರುವ ತನಕ ಹಾಗೆಯೇ ಕೂತಿದ್ದಳು. ಅವಳ ಅಂಗೈ ತಣ್ಣಗಿತ್ತು. ಅದರ ಕೆಳಗೆ ನಾನು ಅಲುಗಾಡಲಿಲ್ಲ.

ಏನು ಮಾಡುತ್ತಿದ್ದೀ ಎಂದು ಕಸ್ತೂರೆವ್ವ ಕೇಳಿದಳು.

"ಒಂದ ಮಿನಿಟ ಅಂದ್ರ ಎಷ್ಟು ಅಂತ ನೋಡಿದ್ನಿ ಆಯಿ" ಎಂದಳು ಮಾದೇವಿ. "ಬಾಳ ಹೊತ್ತಲ್ಲ."